ಏಳು ಸಾಲು, ಮೂರು ಪರೀಕ್ಷೆ: ಟ್ರೈಗ್ಲಿಸರೈಡ್ ಏರಿದಾಗ ಯಾವ ಅಂಕಿಯನ್ನು ನಂಬಬೇಕು?

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ – ಈ ನಾಲ್ಕರಲ್ಲಿ ಯಾವ ಊರಿನ ಬಸ್ ನಿಲ್ದಾಣದ ಸುತ್ತ ಓಡಾಡಿದರೂ ರಕ್ತಪರೀಕ್ಷೆಯ ಫಲಕವೊಂದು ನಿಮ್ಮ ಕಣ್ಣಿಗೆ ಬೀಳುತ್ತದೆ. ಸಕ್ಕರೆ ಕಾಯಿಲೆಯ ತಪಾಸಣೆಗೆಂದು ಬಂದವರಿಗೆ ‘ಲಿಪಿಡ್ ಪ್ರೊಫೈಲ್’ ಎಂಬ ಇನ್ನೊಂದು ಹಾಳೆಯೂ ಸಿಗುತ್ತದೆ. ಅದರಲ್ಲಿ ಕೆಲವು ಅಂಕಿಗಳು, ಪಕ್ಕದಲ್ಲಿ ‘ಸಾಮಾನ್ಯ ಮಿತಿ’, ಮಿತಿ ಮೀರಿದ್ದರೆ ದಪ್ಪ ಅಕ್ಷರ. ಮನೆಮಂದಿಯೆಲ್ಲ ಮೊದಲು ನೋಡುವುದು ಆ ದಪ್ಪ ಅಕ್ಷರವನ್ನೇ. ನಮ್ಮ ಕಡೆ ಹೆಚ್ಚಿನವರ ವರದಿಯಲ್ಲಿ ದಪ್ಪಗಾಗುವುದು ಟ್ರೈಗ್ಲಿಸರೈಡ್. ಅದನ್ನು ಇಳಿಸಿದರೆ ಹೃದಯ ಉಳಿಯಿತು ಎಂದು ಎಲ್ಲರೂ ಭಾವಿಸುತ್ತಾರೆ.

ಈ ಲೇಖನದಲ್ಲಿ ವಿಮರ್ಶೆಗೆ ಎತ್ತಿಕೊಂಡಿರುವುದು ಪುಸ್ತಕವನ್ನಲ್ಲ, ಆ ಒಂದು ಹಾಳೆಯನ್ನು. ಅದು ಏನನ್ನು ಹೇಳುತ್ತದೆ, ಏನನ್ನು ಮರೆಮಾಡುತ್ತದೆ, ಟ್ರೈಗ್ಲಿಸರೈಡ್ ಹೆಚ್ಚಾಗಿರುವವರ ಚಿಕಿತ್ಸೆಗೆ ಅದರ ಯಾವ ಸಾಲು ದಾರಿ ತೋರಬಲ್ಲದು ಎಂಬುದೇ ಪ್ರಶ್ನೆ. ನೀವು ಅಧ್ಯಾಪಕರಾಗಿದ್ದರೆ ಇದನ್ನು ತರಗತಿಯಲ್ಲಿ ಬಳಸಬಹುದು. ವಿದ್ಯಾರ್ಥಿಗಳಾಗಿದ್ದರೆ ಕಾಗದ, ಪೆನ್ಸಿಲ್ ಹತ್ತಿರ ಇಟ್ಟುಕೊಳ್ಳಿ. ಕೂಡಿಸಿ ಕಳೆಯಲು ಬಂದರೆ ಸಾಕು.

ಇದು ನಮ್ಮ ಸಮಸ್ಯೆ ಏಕೆ?

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ‘ಇಂಡಿಯಾಬ್’ ಅಧ್ಯಯನದ ಮೇದಸ್ಸಿನ ಕುರಿತ ಮೊದಲ ಹಂತದ ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ನಮ್ಮ ನೆರೆಯ ತಮಿಳುನಾಡಿನ ಜೊತೆಗೆ ಮಹಾರಾಷ್ಟ್ರ, ಜಾರ್ಖಂಡ್ ಮತ್ತು ಚಂಡೀಗಢದ ಜನರನ್ನು ಅದರಲ್ಲಿ ಪರೀಕ್ಷಿಸಲಾಗಿತ್ತು. ಎಲ್‌ಡಿಎಲ್ ಕೊಲೆಸ್ಟರಾಲ್ ಹೆಚ್ಚಿದ್ದವರು ಶೇ. 11.8 ಮಾತ್ರ. ಟ್ರೈಗ್ಲಿಸರೈಡ್ ಹೆಚ್ಚಿದ್ದವರು ಶೇ. 29.5. ಎಚ್‌ಡಿಎಲ್ ಕಡಿಮೆ ಇದ್ದವರು ಶೇ. 72.3. ಪಾಶ್ಚಾತ್ಯ ಪಠ್ಯಪುಸ್ತಕಗಳು ‘ಕೆಟ್ಟ ಕೊಲೆಸ್ಟರಾಲ್’ ಎಂದು ಎಲ್‌ಡಿಎಲ್‌ನತ್ತ ಬೆರಳು ಮಾಡಿದರೆ, ನಮ್ಮವರ ರಕ್ತದ ಚಿತ್ರವೇ ಬೇರೆ: ಟ್ರೈಗ್ಲಿಸರೈಡ್ ಮೇಲೆ, ಎಚ್‌ಡಿಎಲ್ ಕೆಳಗೆ, ಎಲ್‌ಡಿಎಲ್ ನೋಡಲು ಸಾಧಾರಣ.

ಈ ಚಿತ್ರಕ್ಕೂ ಮಧುಮೇಹಕ್ಕೂ ನಂಟು ಗಟ್ಟಿ. ಕೋಲಾರದ ಟಮಕದಲ್ಲಿರುವ ಶ್ರೀ ದೇವರಾಜ ಅರಸು ವೈದ್ಯಕೀಯ ಕಾಲೇಜಿನವರು ಅಲ್ಲಿನ ಗ್ರಾಮೀಣ ಜನರ ಬಗ್ಗೆ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಧುಮೇಹಿಗಳ ಪ್ರಮಾಣ ಶೇ. 10ರ ಸುಮಾರಿನಲ್ಲಿತ್ತು. ಪೇಟೆಯವರ ಕಾಯಿಲೆ ಎಂಬ ಮಾತು ಆಗಲೇ ಹಳತಾಗಿತ್ತು. ದೇಶದ ಜನ ದಿನದ ಶಕ್ತಿಯಲ್ಲಿ ಸುಮಾರು ಶೇ. 62ನ್ನು ಪಿಷ್ಟ ಮತ್ತು ಸಕ್ಕರೆಗಳಿಂದಲೇ ಪಡೆಯುತ್ತಾರೆ ಎಂದು 2025ರಲ್ಲಿ ಇದೇ ಇಂಡಿಯಾಬ್ ತಂಡ ವರದಿ ಮಾಡಿದೆ. ಹೆಚ್ಚಾದ ಪಿಷ್ಟವನ್ನು ಯಕೃತ್ತು ಕೊಬ್ಬಾಗಿ ಮಾರ್ಪಡಿಸಿ ರಕ್ತಕ್ಕೆ ಬಿಡುತ್ತದೆ. ಆದ್ದರಿಂದಲೇ ತುಪ್ಪ, ಬೆಣ್ಣೆ ಬಿಟ್ಟವರಲ್ಲೂ ಟ್ರೈಗ್ಲಿಸರೈಡ್ ಏರಬಹುದು. ಇಲ್ಲಿ ತಪ್ಪು ರಾಗಿಮುದ್ದೆಯದಲ್ಲ. ಪಾಲಿಶ್ ಮಾಡಿದ ಅಕ್ಕಿಯ ಅನ್ನ, ದಿನಕ್ಕೆ ನಾಲ್ಕೈದು ಲೋಟ ಸಕ್ಕರೆ ಬೆರೆಸಿದ ಚಹಾ, ಮದ್ಯ, ಹತೋಟಿ ತಪ್ಪಿದ ಮಧುಮೇಹ, ಕಡಿಮೆಯಾದ ಶ್ರಮ – ಇವೆಲ್ಲ ಸೇರಿ ಆದದ್ದು.

ಹಾಳೆಯ ಮೊದಲ ದೋಷ

ಲಿಪಿಡ್ ಪ್ರೊಫೈಲಿನಲ್ಲಿ ಸಾಮಾನ್ಯವಾಗಿ ಏಳು ಸಾಲುಗಳಿರುತ್ತವೆ: ಒಟ್ಟು ಕೊಲೆಸ್ಟರಾಲ್, ಟ್ರೈಗ್ಲಿಸರೈಡ್, ಎಚ್‌ಡಿಎಲ್, ವಿಎಲ್‌ಡಿಎಲ್, ಎಲ್‌ಡಿಎಲ್, ಮತ್ತು ಎರಡು ಅನುಪಾತಗಳು. ಇವು ಏಳು ಪರೀಕ್ಷೆಗಳೆಂದು ನೀವು ತಿಳಿದಿದ್ದರೆ ಅದು ತಪ್ಪು. ಹೆಚ್ಚಿನ ಕಡೆ ಯಂತ್ರ ಅಳೆಯುವುದು ಮೊದಲ ಮೂರನ್ನು ಮಾತ್ರ. ಉಳಿದ ನಾಲ್ಕು ಲೆಕ್ಕದಿಂದ ಬಂದವು.

ಲೆಕ್ಕದ ಸೂತ್ರ 1972ರದು. ಫ್ರೀಡ್‌ವಾಲ್ಡ್, ಲೆವಿ ಮತ್ತು ಫ್ರೆಡ್ರಿಕ್‌ಸನ್ ಎಂಬ ಅಮೆರಿಕದ ವಿಜ್ಞಾನಿಗಳು 448 ಜನರ ರಕ್ತವನ್ನು ಆಧರಿಸಿ ಇದನ್ನು ರೂಪಿಸಿದರು. ದುಬಾರಿಯಾದ ಅತಿವೇಗದ ಸೆಂಟ್ರಿಫ್ಯೂಜ್ ಇಲ್ಲದೆಯೇ ಎಲ್‌ಡಿಎಲ್ ಅಂದಾಜು ಮಾಡುವುದು ಅವರ ಉದ್ದೇಶವಾಗಿತ್ತು.

ವಿಎಲ್‌ಡಿಎಲ್ = ಟ್ರೈಗ್ಲಿಸರೈಡ್ ÷ 5
ಎಲ್‌ಡಿಎಲ್ = ಒಟ್ಟು ಕೊಲೆಸ್ಟರಾಲ್ – ಎಚ್‌ಡಿಎಲ್ – ವಿಎಲ್‌ಡಿಎಲ್

(ಇಲ್ಲಿಯೂ ಮುಂದೆಯೂ ಎಲ್ಲ ಅಂಕಿಗಳು ಒಂದು ಡೆಸಿಲೀಟರಿಗೆ ಇಷ್ಟು ಮಿಲಿಗ್ರಾಂ ಎಂಬ ಮಾನದಲ್ಲಿವೆ.)

ಐದರಿಂದ ಭಾಗಿಸುವುದರ ಹಿಂದೆ ಒಂದು ಊಹೆ ಇದೆ. ವಿಎಲ್‌ಡಿಎಲ್ ಕಣಗಳಲ್ಲಿ ಐದು ಪಾಲು ಟ್ರೈಗ್ಲಿಸರೈಡಿಗೆ ಒಂದು ಪಾಲು ಕೊಲೆಸ್ಟರಾಲ್ ಇರುತ್ತದೆ ಎಂಬುದೇ ಆ ಊಹೆ. ಟ್ರೈಗ್ಲಿಸರೈಡ್ 100ರ ಆಸುಪಾಸಿನಲ್ಲಿದ್ದಾಗ ಇದು ಸಾಕಷ್ಟು ಸರಿ. ಟ್ರೈಗ್ಲಿಸರೈಡ್ ಏರಿದಂತೆ ಕಣಗಳು ಅದನ್ನೇ ಹೆಚ್ಚು ತುಂಬಿಕೊಳ್ಳುತ್ತವೆ. ಪಾಲು ಐದರ ಬದಲು ಆರು, ಏಳು ಆಗಬಹುದು. ಆಗ ಸೂತ್ರ ಬೇಕಾದ್ದಕ್ಕಿಂತ ಹೆಚ್ಚು ಕಳೆಯುತ್ತದೆ, ಎಲ್‌ಡಿಎಲ್ ನಿಜಕ್ಕಿಂತ ಕಡಿಮೆಯಾಗಿ ಕಾಣುತ್ತದೆ. ಟ್ರೈಗ್ಲಿಸರೈಡ್ 400 ದಾಟಿದರೆ ಈ ಸೂತ್ರ ಬೇಡ ಎಂದು ಅದನ್ನು ರೂಪಿಸಿದವರೇ ಎಚ್ಚರಿಸಿದ್ದರು. ಆದರೆ ಗಣಕಯಂತ್ರಕ್ಕೆ ಆ ಎಚ್ಚರಿಕೆಯನ್ನು ಕಲಿಸಿರದಿದ್ದರೆ 650 ಇದ್ದರೂ ಅದು ಸುಮ್ಮನೆ 130 ಕಳೆದು ಒಂದು ಎಲ್‌ಡಿಎಲ್ ಅಂಕಿಯನ್ನು ಮುದ್ರಿಸಿಬಿಡುತ್ತದೆ.

ದೋಷವನ್ನು ತಿದ್ದುವ ಸೂತ್ರಗಳು ಬಂದಿವೆ. 2013ರಲ್ಲಿ ಮಾರ್ಟಿನ್ ಮತ್ತು ಸಂಗಡಿಗರು 13 ಲಕ್ಷಕ್ಕೂ ಹೆಚ್ಚು ಜನರ ಅಂಕಿಅಂಶಗಳಿಂದ, ಎಲ್ಲರಿಗೂ ಐದೇ ಎನ್ನುವ ಬದಲು ವ್ಯಕ್ತಿಗೆ ತಕ್ಕಂತೆ ಬದಲಾಗುವ ಭಾಜಕವನ್ನು ಕೊಟ್ಟರು. 2020ರ ಸ್ಯಾಂಪ್ಸನ್ ಸೂತ್ರವನ್ನು ಟ್ರೈಗ್ಲಿಸರೈಡ್ 800ರವರೆಗೂ ಬಳಸಬಹುದು. ಎರಡಕ್ಕೂ ಹೊಸ ಯಂತ್ರ ಬೇಡ, ತಂತ್ರಾಂಶದಲ್ಲಿ ಒಂದು ಸಾಲು ಬದಲಾದರೆ ಸಾಕು. ಯಾವ ಸೂತ್ರ ಬಳಸಲಾಗಿದೆ ಎಂದು ವರದಿಯಲ್ಲಿ ಬರೆಯದಿರುವುದು, ಲೆಕ್ಕದ ಅಂಕಿಯನ್ನು ಅಳೆದ ಅಂಕಿಯ ಪಕ್ಕದಲ್ಲಿ ಅದೇ ಗತ್ತಿನಲ್ಲಿ ಕೂರಿಸುವುದು – ಇವು ಈ ಹಾಳೆಯ ಮೊದಲ ದೋಷ.

ಇಬ್ಬರ ವರದಿ

ಈಗ ಒಂದು ಕಲ್ಪಿತ ಉದಾಹರಣೆ. ಮಾಲೂರಿನ ಒಬ್ಬರು, ಶ್ರೀನಿವಾಸಪುರದ ಒಬ್ಬರು. ಇಬ್ಬರಿಗೂ ಐವತ್ತರ ವಯಸ್ಸು, ಇಬ್ಬರಿಗೂ ಮಧುಮೇಹ.

ಮಾಲೂರಿನವರು: ಒಟ್ಟು ಕೊಲೆಸ್ಟರಾಲ್ 190, ಎಚ್‌ಡಿಎಲ್ 50, ಟ್ರೈಗ್ಲಿಸರೈಡ್ 100. ಸೂತ್ರದಂತೆ ವಿಎಲ್‌ಡಿಎಲ್ 20, ಎಲ್‌ಡಿಎಲ್ 120.

ಶ್ರೀನಿವಾಸಪುರದವರು: ಒಟ್ಟು ಕೊಲೆಸ್ಟರಾಲ್ 190, ಎಚ್‌ಡಿಎಲ್ 34, ಟ್ರೈಗ್ಲಿಸರೈಡ್ 330. ವಿಎಲ್‌ಡಿಎಲ್ 66, ಎಲ್‌ಡಿಎಲ್ 90.

ಎಲ್‌ಡಿಎಲ್ ಒಂದನ್ನೇ ನೋಡುವವರು ಶ್ರೀನಿವಾಸಪುರದವರೇ ಸುರಕ್ಷಿತರು ಎನ್ನುತ್ತಾರೆ. ಈಗ ನೀವೊಂದು ಕಳೆಯುವ ಲೆಕ್ಕ ಮಾಡಿ: ಒಟ್ಟು ಕೊಲೆಸ್ಟರಾಲಿನಿಂದ ಎಚ್‌ಡಿಎಲ್ ಅನ್ನು ಮಾತ್ರ ಕಳೆಯಿರಿ. ಮಾಲೂರಿನವರಿಗೆ 140, ಶ್ರೀನಿವಾಸಪುರದವರಿಗೆ 156. ಕ್ರಮ ತಲೆಕೆಳಗಾಯಿತು. ಈ ಅಂಕಿಯ ಹೆಸರು ನಾನ್-ಎಚ್‌ಡಿಎಲ್ ಕೊಲೆಸ್ಟರಾಲ್, ಅಂದರೆ ಎಚ್‌ಡಿಎಲ್ ಬಿಟ್ಟು ಉಳಿದ ಎಲ್ಲ ಕಣಗಳ ಕೊಲೆಸ್ಟರಾಲ್. ಧಮನಿಯ ಗೋಡೆಯಲ್ಲಿ ಸೇರಿಕೊಳ್ಳಬಲ್ಲವು ಎಲ್‌ಡಿಎಲ್ ಕಣಗಳು ಮಾತ್ರವಲ್ಲ. ಟ್ರೈಗ್ಲಿಸರೈಡ್ ಇಳಿಸಿದ ಮೇಲೆ ಉಳಿದ ವಿಎಲ್‌ಡಿಎಲ್ ಅವಶೇಷಗಳೂ ಸೇರಿಕೊಳ್ಳುತ್ತವೆ. ಶ್ರೀನಿವಾಸಪುರದವರ ಅಪಾಯ ಅಡಗಿರುವುದು ಅಲ್ಲಿ.

ಭಾರತೀಯ ಹೃದ್ರೋಗ ತಜ್ಞರ ಸಂಘ 2024ರ ಜುಲೈನಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ಹೀಗಿದೆ: ಮಧುಮೇಹ, ರಕ್ತದೊತ್ತಡ ಇರುವ ಹೆಚ್ಚು ಅಪಾಯದ ಗುಂಪಿಗೆ ಎಲ್‌ಡಿಎಲ್ 70ಕ್ಕಿಂತ, ನಾನ್-ಎಚ್‌ಡಿಎಲ್ 100ಕ್ಕಿಂತ ಕಡಿಮೆ ಇರಬೇಕು, ಈಗಾಗಲೇ ಹೃದಯಾಘಾತ, ಪಾರ್ಶ್ವವಾಯು ಆದವರಿಗೆ ಎಲ್‌ಡಿಎಲ್ 55, ನಾನ್-ಎಚ್‌ಡಿಎಲ್ 85. ಟ್ರೈಗ್ಲಿಸರೈಡ್ 150 ಮೀರಿದವರಲ್ಲಿ ನಾನ್-ಎಚ್‌ಡಿಎಲ್ ಅನ್ನೇ ಗುರಿಯಾಗಿ ಹಿಡಿಯಬೇಕೆಂದೂ ಅದು ಹೇಳುತ್ತದೆ. ಶ್ರೀನಿವಾಸಪುರದವರು ಎಲ್‌ಡಿಎಲ್ ಗುರಿಯಿಂದ 20 ದೂರದಲ್ಲಿದ್ದಾರೆ, ನಾನ್-ಎಚ್‌ಡಿಎಲ್ ಗುರಿಯಿಂದ 56 ದೂರದಲ್ಲಿದ್ದಾರೆ. ಔಷಧದ ಪ್ರಮಾಣ ನಿರ್ಧರಿಸುವ ವೈದ್ಯರಿಗೆ ಇದು ಸಣ್ಣ ವ್ಯತ್ಯಾಸವಲ್ಲ. ಇನ್ನೊಂದು ಮಾತು: ಹಾಳೆಯ ‘ಸಾಮಾನ್ಯ ಮಿತಿ’ ಎಲ್ಲರಿಗೂ ಒಂದೇ. ಆರೋಗ್ಯವಂತ ಯುವಕನಿಗೂ ಹೃದಯಾಘಾತವಾದ ಮಧುಮೇಹಿಗೂ ಒಂದೇ ಗೆರೆ ಎಳೆಯುವುದು ಅದರ ಎರಡನೆಯ ದೋಷ.

ಲೋಡು ಮುಖ್ಯವೋ, ಲಾರಿ ಮುಖ್ಯವೋ?

ಕೋಲಾರದ ಟೊಮ್ಯಾಟೊ ಮಾರುಕಟ್ಟೆಯಿಂದ ಹೆದ್ದಾರಿಗೆ ಇಳಿಯುವ ವಾಹನಗಳನ್ನು ನೆನಪಿಸಿಕೊಳ್ಳಿ. ಕೆಲವು ದೊಡ್ಡ ಲಾರಿ, ಕೆಲವು ಚಿಕ್ಕ ಟೆಂಪೊ. ಕೆಲವು ತುಂಬಿವೆ, ಕೆಲವು ಅರ್ಧ ಖಾಲಿ. ತಿರುವಿನಲ್ಲಿ ಎಷ್ಟು ವಾಹನ ಸಿಕ್ಕಿಹಾಕಿಕೊಂಡಾವು ಎಂದು ಅಂದಾಜು ಮಾಡಲು ಟೊಮ್ಯಾಟೊ ತೂಕ ನೋಡುತ್ತೀರೋ, ವಾಹನಗಳನ್ನು ಎಣಿಸುತ್ತೀರೋ? ಎಣಿಸುವುದೇ ಸರಿ. ಕೆಎ-07 ಎಂದು ಶುರುವಾಗುವ ನೋಂದಣಿ ಸಂಖ್ಯೆ ಒಂದು ವಾಹನಕ್ಕೆ ಒಂದೇ.

ರಕ್ತದ ಕಣಗಳಿಗೂ ಇಂಥ ನೋಂದಣಿ ಸಂಖ್ಯೆ ಇದೆ. ಅದು ಅಪೋಲಿಪೋಪ್ರೋಟೀನ್-ಬಿ, ಚಿಕ್ಕದಾಗಿ ಅಪೋ-ಬಿ. ಯಕೃತ್ತಿನಿಂದ ಹೊರಟ ಪ್ರತಿ ವಿಎಲ್‌ಡಿಎಲ್ ಕಣದಲ್ಲಿ ಒಂದೇ ಒಂದು ಅಪೋ-ಬಿ ಅಣು ಇರುತ್ತದೆ. ಕಣ ಕುಗ್ಗಿ ಎಲ್‌ಡಿಎಲ್ ಆದರೂ ಆ ಒಂದು ಅಣು ಅದನ್ನು ಬಿಡುವುದಿಲ್ಲ. ಆದ್ದರಿಂದ ಅಪೋ-ಬಿ ಅಳೆದರೆ ಧಮನಿಗೆ ಅಪಾಯ ಒಡ್ಡುವ ಕಣಗಳ ಎಣಿಕೆಯೇ ಸಿಕ್ಕಂತೆ. ಕೊಲೆಸ್ಟರಾಲ್, ಟ್ರೈಗ್ಲಿಸರೈಡ್ ಎರಡೂ ಕಣಗಳು ಹೊತ್ತ ಲೋಡು. ಟ್ರೈಗ್ಲಿಸರೈಡ್ ಹೆಚ್ಚಿದ್ದಾಗ ಎಲ್‌ಡಿಎಲ್ ಕಣಗಳು ಚಿಕ್ಕದಾಗಿ, ಒಂದೊಂದರಲ್ಲಿ ಕೊಲೆಸ್ಟರಾಲ್ ಕಡಿಮೆಯಾಗಿ, ಸಂಖ್ಯೆಯಲ್ಲಿ ಹೆಚ್ಚಾಗಿರುವುದು ಸಾಮಾನ್ಯ. ಲೋಡು ತೂಗಿದವನಿಗೆ ‘ಎಲ್‌ಡಿಎಲ್ ಪರವಾಗಿಲ್ಲ’ ಎನಿಸುತ್ತದೆ. ಲಾರಿ ಎಣಿಸಿದವನಿಗೆ ನಿಜ ತಿಳಿಯುತ್ತದೆ.

ಇದು ಬರಿಯ ಉಪಮೆಯಲ್ಲ. 2019ರಲ್ಲಿ ಫೆರೆನ್ಸ್ ಮತ್ತು ಸಂಗಡಿಗರು ಆರೂವರೆ ಲಕ್ಷಕ್ಕೂ ಹೆಚ್ಚು ಜನರ ಆನುವಂಶಿಕ ಮಾಹಿತಿಯನ್ನು ಪರಿಶೀಲಿಸಿದರು. ಹುಟ್ಟಿನಿಂದಲೇ ಟ್ರೈಗ್ಲಿಸರೈಡ್ ಕಡಿಮೆ ಮಾಡುವ ವಂಶವಾಹಿ ರೂಪ ಕೆಲವರಲ್ಲಿ, ಎಲ್‌ಡಿಎಲ್ ಕಡಿಮೆ ಮಾಡುವ ರೂಪ ಇನ್ನು ಕೆಲವರಲ್ಲಿ. ಅಪೋ-ಬಿ 10ರಷ್ಟು ಇಳಿಯಲು ಮೊದಲ ಗುಂಪಿನಲ್ಲಿ ಟ್ರೈಗ್ಲಿಸರೈಡ್ ಸುಮಾರು 70 ಇಳಿದಿರಬೇಕಿತ್ತು, ಎರಡನೆಯದರಲ್ಲಿ ಎಲ್‌ಡಿಎಲ್ ಸುಮಾರು 14. ಹೃದ್ರೋಗದ ಇಳಿಕೆ ಮಾತ್ರ ಎರಡೂ ಗುಂಪುಗಳಲ್ಲಿ ಹೆಚ್ಚುಕಡಿಮೆ ಒಂದೇ. ಲಾಭ ಬಂದದ್ದು ಅಪೋ-ಬಿ ಇಳಿದಷ್ಟು.

ಅಂಕಿ ಇಳಿಯಿತು, ಅಪಾಯ ಇಳಿಯಲಿಲ್ಲ

ಟ್ರೈಗ್ಲಿಸರೈಡನ್ನೇ ಬೆನ್ನಟ್ಟಿದರೆ ಏನಾಗುತ್ತದೆ ಎಂಬುದಕ್ಕೆ 2022ರಲ್ಲಿ ಪ್ರಕಟವಾದ ‘ಪ್ರಾಮಿನೆಂಟ್’ ಪ್ರಯೋಗವೇ ಉತ್ತರ. ಟ್ರೈಗ್ಲಿಸರೈಡ್ 200ರಿಂದ 499ರವರೆಗೆ ಇದ್ದು ಎಚ್‌ಡಿಎಲ್ ಕಡಿಮೆ ಇದ್ದ 10,497 ಮಧುಮೇಹಿಗಳು ಅದರಲ್ಲಿದ್ದರು. ಹೆಚ್ಚಿನವರು ಸ್ಟ್ಯಾಟಿನ್ ತೆಗೆದುಕೊಳ್ಳುತ್ತಿದ್ದರು. ನಮ್ಮ ಶ್ರೀನಿವಾಸಪುರದವರ ವರದಿಯನ್ನೇ ನೋಡಿ ಆಯ್ದಂತಿದೆ. ಅರ್ಧ ಜನರಿಗೆ ಪೆಮಾಫೈಬ್ರೇಟ್ ಎಂಬ ಔಷಧ, ಉಳಿದವರಿಗೆ ಹುಸಿಗುಳಿಗೆ. ಔಷಧದ ಗುಂಪಿನಲ್ಲಿ ಟ್ರೈಗ್ಲಿಸರೈಡ್ ಶೇ. 26ರಷ್ಟು ಇಳಿಯಿತು. ಹೃದಯಾಘಾತ, ಪಾರ್ಶ್ವವಾಯು ಮುಂತಾದ ಘಟನೆಗಳೋ? ಔಷಧ ಪಡೆದವರಲ್ಲಿ 572, ಪಡೆಯದವರಲ್ಲಿ 560. ಲಾಭ ಸೊನ್ನೆ. ಕಾರಣವೂ ಅದೇ ವರದಿಯಲ್ಲಿತ್ತು: ಎಲ್‌ಡಿಎಲ್ ಶೇ. 12ರಷ್ಟು, ಅಪೋ-ಬಿ ಶೇ. 5ರ ಹತ್ತಿರ ಏರಿದ್ದವು. ಲಾರಿಗಳ ಲೋಡು ಇಳಿಸಲಾಗಿತ್ತು, ಲಾರಿಗಳು ರಸ್ತೆಯಲ್ಲೇ ಇದ್ದವು.

ಇದನ್ನು ನಮ್ಮ ಉದಾಹರಣೆಗೆ ಹೊಂದಿಸಿ. ಶ್ರೀನಿವಾಸಪುರದವರ ಟ್ರೈಗ್ಲಿಸರೈಡ್ ಔಷಧದಿಂದ 330ರಿಂದ 165ಕ್ಕೆ, ಅಂದರೆ ಅರ್ಧಕ್ಕೆ ಇಳಿಯಿತೆನ್ನಿ. ಒಟ್ಟು ಕೊಲೆಸ್ಟರಾಲ್ 186, ಎಚ್‌ಡಿಎಲ್ 36. ಸೂತ್ರ ಹಾಕಿದರೆ ಎಲ್‌ಡಿಎಲ್ 90ರಿಂದ 117ಕ್ಕೆ ಏರಿದೆ! ಒಬ್ಬರು ‘ಟ್ರೈಗ್ಲಿಸರೈಡ್ ಅರ್ಧವಾಯಿತು’ ಎಂದು ಹಿಗ್ಗುತ್ತಾರೆ, ಇನ್ನೊಬ್ಬರು ‘ಎಲ್‌ಡಿಎಲ್ ಏರಿತು’ ಎಂದು ಗಾಬರಿಯಾಗುತ್ತಾರೆ. ನಾನ್-ಎಚ್‌ಡಿಎಲ್ ನೋಡಿ: 156 ಇದ್ದದ್ದು 150. ಹೆಚ್ಚೇನೂ ಆಗಿಲ್ಲ ಎಂಬ ಸತ್ಯವನ್ನು ಹೇಳಿದ ಅಂಕಿ ಅದೊಂದೇ.

ಎದುರು ಸಾಕ್ಷ್ಯವನ್ನೂ ಹೇಳಬೇಕು. 2018ರ ‘ರೆಡ್ಯೂಸ್-ಇಟ್’ ಪ್ರಯೋಗದಲ್ಲಿ ಮೀನೆಣ್ಣೆಯಿಂದ ಪಡೆದ ಐಕೋಸಪೆಂಟ್ ಎಥೈಲ್ ಹೃದಯದ ಘಟನೆಗಳನ್ನು ಶೇ. 25ರಷ್ಟು ತಗ್ಗಿಸಿತು. ಆದರೆ ಟ್ರೈಗ್ಲಿಸರೈಡಿನ ಇಳಿಕೆಯಿಂದ ಅಷ್ಟು ದೊಡ್ಡ ಲಾಭವನ್ನು ವಿವರಿಸಲಾಗದು. ಹೋಲಿಕೆಗೆ ಕೊಟ್ಟ ಖನಿಜ ತೈಲದ ಬಗ್ಗೆಯೂ ವಾದಗಳಿವೆ. 2020ರ ‘ಸ್ಟ್ರೆಂತ್’ ಪ್ರಯೋಗದಲ್ಲಿ ಇನ್ನೊಂದು ಒಮೆಗಾ-3 ಔಷಧ ಟ್ರೈಗ್ಲಿಸರೈಡನ್ನು ಇಳಿಸಿಯೂ ಲಾಭ ತೋರಲಿಲ್ಲ. ನಮ್ಮ ದೇಶದಲ್ಲೇ ಅಭಿವೃದ್ಧಿಯಾದ ಸರೋಗ್ಲಿಟಜಾರ್ 2013ರಲ್ಲಿ ಮಧುಮೇಹಿಗಳ ಟ್ರೈಗ್ಲಿಸರೈಡ್ ಇಳಿಸಲು ಅನುಮತಿ ಪಡೆಯಿತು. ಅನುಮತಿಗೆ ಆಧಾರವಾದದ್ದು ರಕ್ತದ ಅಂಕಿಗಳೇ ಹೊರತು ತಪ್ಪಿಸಿದ ಹೃದಯಾಘಾತಗಳ ಎಣಿಕೆಯಲ್ಲ. ಇದು ಆ ಔಷಧದ ನಿಂದೆಯಲ್ಲ. ಅಂಕಿಯ ಸುಧಾರಣೆ ಬೇರೆ, ರೋಗಿಯ ಸುಧಾರಣೆ ಬೇರೆ ಎಂಬುದನ್ನು ಮರೆಯಬಾರದು, ಅಷ್ಟೆ.

ಟ್ರೈಗ್ಲಿಸರೈಡೇ ಗುರಿಯಾಗುವ ಸಂದರ್ಭ

ಹಾಗಾದರೆ ಟ್ರೈಗ್ಲಿಸರೈಡ್ ಸಾಲನ್ನು ಹೊಡೆದುಹಾಕೋಣವೇ? ಖಂಡಿತ ಬೇಡ. ಅದು 500 ದಾಟಿದರೆ ಪ್ರಶ್ನೆಯೇ ಬದಲಾಗುತ್ತದೆ. ಆಗ ಹೃದಯಕ್ಕಿಂತ ಮೊದಲು ಕಾಪಾಡಬೇಕಾದ್ದು ಮೇದೋಜೀರಕ ಗ್ರಂಥಿಯನ್ನು. 1000 ಮೀರಿದಾಗ ಆ ಗ್ರಂಥಿಯ ತೀವ್ರ ಉರಿಯೂತದ ಅಪಾಯ ಸ್ಪಷ್ಟವಾಗಿ ಹೆಚ್ಚುತ್ತದೆ. ಅದು ಪ್ರಾಣಕ್ಕೇ ಎರವಾಗಬಹುದು. ಇಲ್ಲಿ ಹಾನಿ ಮಾಡುವುದು ಧಮನಿಯ ಗೋಡೆಯೊಳಗೆ ನುಗ್ಗಲಾರದಷ್ಟು ದೊಡ್ಡದಾದ ಕೈಲೋಮೈಕ್ರಾನ್ ಕಣಗಳ ಲೋಡು. ಆದ್ದರಿಂದ ಲಾರಿಯನ್ನಲ್ಲ, ಲೋಡನ್ನೇ ತೂಗಬೇಕು. ಮದ್ಯ ಬಿಡುವುದು, ಎಣ್ಣೆ ಕೊಬ್ಬನ್ನು ಬಿಗಿಯಾಗಿ ಮಿತಿಗೊಳಿಸುವುದು, ಸಕ್ಕರೆ ಹತೋಟಿ, ಫೈಬ್ರೇಟ್ ಔಷಧ – ಇವುಗಳ ಯಶಸ್ಸನ್ನು ಅಳೆಯಲು ಟ್ರೈಗ್ಲಿಸರೈಡೇ ಸರಿಯಾದ ಸೂಚಕ.

ಮಿತವಾಗಿ ಏರಿದ ಟ್ರೈಗ್ಲಿಸರೈಡಿಗೂ ಒಂದು ಬೆಲೆ ಇದೆ. ಅದು ಕಾರಣ ಹುಡುಕಿ ಎಂದು ಕರೆಯುವ ಗಂಟೆ. ಹತೋಟಿ ತಪ್ಪಿದ ಮಧುಮೇಹವೇ, ಥೈರಾಯ್ಡ್ ಕೊರತೆಯೇ, ಮೂತ್ರಪಿಂಡದ ತೊಂದರೆಯೇ, ಮದ್ಯವೇ, ಯಾವುದಾದರೂ ಔಷಧವೇ ಎಂದು ವೈದ್ಯರು ನೋಡಬೇಕು. ಗಂಟೆಯ ಸದ್ದು ಅಡಗಿಸುವುದೇ ಚಿಕಿತ್ಸೆಯಾಗಬಾರದು.

ಆಕ್ಷೇಪಗಳು

‘ಅಪೋ-ಬಿ ಅಷ್ಟು ಒಳ್ಳೆಯದಾದರೆ ಎಲ್ಲರಿಗೂ ಅದನ್ನೇ ಮಾಡಿಸಬಾರದೇಕೆ?’ ಎಂದು ನೀವು ಕೇಳಬಹುದು. ಯುರೋಪಿನ ಹೃದ್ರೋಗ ತಜ್ಞರ 2019ರ ಮಾರ್ಗಸೂಚಿ ಟ್ರೈಗ್ಲಿಸರೈಡ್ ಹೆಚ್ಚಿರುವವರಿಗೆ, ಮಧುಮೇಹಿಗಳಿಗೆ, ಬೊಜ್ಜಿನವರಿಗೆ ಅಪೋ-ಬಿ ಅಳೆಯಲು ಶಿಫಾರಸು ಮಾಡಿದೆ. ಹೆಚ್ಚು ಅಪಾಯದವರಿಗೆ 80, ಅತಿ ಹೆಚ್ಚು ಅಪಾಯದವರಿಗೆ 65ಕ್ಕಿಂತ ಕಡಿಮೆ ಎಂಬ ಗುರಿಯನ್ನೂ ಕೊಟ್ಟಿದೆ. ಆದರೆ ಅದು ಸಾಮಾನ್ಯ ಪ್ಯಾಕೇಜಿನಲ್ಲಿರುವುದಿಲ್ಲ, ಪ್ರತ್ಯೇಕ ಹಣ ಕೊಡಬೇಕು. ದಿನಗೂಲಿ ಬಿಟ್ಟು ಬಂದವರಿಗೆ ಅದು ಭಾರ. ನಾನ್-ಎಚ್‌ಡಿಎಲ್‌ಗೆ ಒಂದು ಪೈಸೆಯೂ ಬೇಡ. ಅಪೋ-ಬಿಯಷ್ಟು ನಿಖರವಲ್ಲದಿದ್ದರೂ ಟ್ರೈಗ್ಲಿಸರೈಡ್ ಹೆಚ್ಚಿರುವವರಲ್ಲಿ ಅದು ಎಲ್‌ಡಿಎಲ್‌ಗಿಂತ ಹೆಚ್ಚು ನಂಬಿಕೆಗೆ ಅರ್ಹ. ಅಪೋ-ಬಿಯನ್ನು ಅನುಮಾನದ ಸಂದರ್ಭಕ್ಕೆ ಇಟ್ಟುಕೊಳ್ಳಬಹುದು.

ಎರಡನೆಯ ಆಕ್ಷೇಪ ವಿಜ್ಞಾನದ್ದು. ಎಲ್ಲ ಕಣಗಳೂ ಸಮಾನ ಅಪಾಯಕಾರಿಯೇ? ಬ್ರಿಟನ್ನಿನ ‘ಯುಕೆ ಬಯೋಬ್ಯಾಂಕ್’ ಮಾಹಿತಿಯನ್ನು ಆಧರಿಸಿ 2024ರಲ್ಲಿ ಬಂದ ವಿಶ್ಲೇಷಣೆಯ ಪ್ರಕಾರ ಒಂದು ಅವಶೇಷ ಕಣ ಒಂದು ಎಲ್‌ಡಿಎಲ್ ಕಣಕ್ಕಿಂತ ಹೆಚ್ಚು ಹಾನಿಕರ. ಇದು ನಿಜವಾದರೆ ಬರಿಯ ಎಣಿಕೆಯೂ ಪೂರ್ಣ ಸತ್ಯವಲ್ಲ. ವಾದ ಮುಗಿದಿಲ್ಲ. ಆದರೆ ಈ ವಾದದ ಎರಡೂ ಪಕ್ಷದವರು ಒಪ್ಪುವ ಮಾತೊಂದಿದೆ: ಸೂತ್ರದಿಂದ ಬಂದ ಎಲ್‌ಡಿಎಲ್ ಒಂದನ್ನೇ ನೋಡಿ ಇಂಥವರ ಚಿಕಿತ್ಸೆ ನಿರ್ಧರಿಸಬಾರದು.

ಬರಿ ಹೊಟ್ಟೆಯ ಬಸ್ ಪ್ರಯಾಣ

ಇನ್ನೊಂದು ವ್ಯಾವಹಾರಿಕ ಲಾಭವಿದೆ. ಟ್ರೈಗ್ಲಿಸರೈಡ್ ಊಟದ ನಂತರ ಏರುತ್ತದೆ. ಉಪವಾಸದಲ್ಲಿ ಅಳೆದರೂ ಒಬ್ಬರಲ್ಲೇ ದಿನದಿಂದ ದಿನಕ್ಕೆ ಶೇ. 20ರಷ್ಟು ಏರುಪೇರಾಗುವುದು ಸಹಜ. ಅದಕ್ಕಾಗಿಯೇ ಬರಿ ಹೊಟ್ಟೆಯಲ್ಲಿ ಬನ್ನಿ ಎನ್ನುವುದು. ಮುಳಬಾಗಿಲಿನ ಗಡಿಹಳ್ಳಿಯಿಂದ ಬೆಳಗಿನ ಬಸ್ಸು ಹಿಡಿದು ಕೋಲಾರಕ್ಕೆ ಬರುವ ಮಧುಮೇಹಿಗೆ ಇದು ಬರಿಯ ಅನನುಕೂಲವಲ್ಲ. ಮಾತ್ರೆ ನುಂಗಿ, ತಿನ್ನದೆ ಸಾಲಿನಲ್ಲಿ ನಿಂತರೆ ಸಕ್ಕರೆ ಕುಸಿದು ತಲೆಸುತ್ತು ಬರಬಹುದು. ನಾನ್-ಎಚ್‌ಡಿಎಲ್, ಅಪೋ-ಬಿ ಎರಡಕ್ಕೂ ಉಪವಾಸ ಬೇಡ. ಊಟದ ನಂತರದ ರಕ್ತವೇ ಸಾಕೆಂದು ಯುರೋಪಿನ ತಜ್ಞರು 2016ರಲ್ಲಿ, ನಮ್ಮ ಹೃದ್ರೋಗ ತಜ್ಞರ ಸಂಘ 2024ರಲ್ಲಿ ಹೇಳಿವೆ. ಟ್ರೈಗ್ಲಿಸರೈಡ್ ತುಂಬ ಹೆಚ್ಚು ಬಂದರೆ ಮಾತ್ರ ಉಪವಾಸದಲ್ಲಿ ಇನ್ನೊಮ್ಮೆ ನೋಡಿದರಾಯಿತು.

ನೀವು ಮಾಡಬಹುದಾದದ್ದು

ಪ್ರಯೋಗಾಲಯದವರಲ್ಲಿ ಕೇಳಬೇಕಾದದ್ದು ಮೂರೇ: ನಾನ್-ಎಚ್‌ಡಿಎಲ್ ಸಾಲನ್ನು ಸೇರಿಸಿ, ಎಲ್‌ಡಿಎಲ್ ಅಳೆದದ್ದೋ ಲೆಕ್ಕದ್ದೋ, ಯಾವ ಸೂತ್ರದ್ದು ಎಂದು ಬರೆಯಿರಿ, ಟ್ರೈಗ್ಲಿಸರೈಡ್ 400 ಮೀರಿದಾಗ ಹಳೆಯ ಸೂತ್ರದ ಎಲ್‌ಡಿಎಲ್ ಮುದ್ರಿಸಬೇಡಿ. ಯಾವುದಕ್ಕೂ ಖರ್ಚಿಲ್ಲ.

ಅಧ್ಯಾಪಕರೇ, ಮೇಲಿನ ಕಲ್ಪಿತ ಅಂಕಿಗಳನ್ನು ಕಪ್ಪುಹಲಗೆಯ ಮೇಲೆ ಬರೆದು, ಭಾಜಕ 5ರ ಬದಲು 7 ಇಟ್ಟರೆ ಶ್ರೀನಿವಾಸಪುರದವರ ಎಲ್‌ಡಿಎಲ್ ಎಷ್ಟಾಗುತ್ತದೆ ಎಂದು ಮಕ್ಕಳನ್ನು ಕೇಳಿ. ಉತ್ತರ ಸುಮಾರು 143 – 34 = 109 ಬರುತ್ತದೆ. ಒಂದು ಊಹೆ ಬದಲಾದರೆ 90 ಇದ್ದದ್ದು 109. ನಾನ್-ಎಚ್‌ಡಿಎಲ್ ಮಾತ್ರ ಆಗಲೂ 156, ಈಗಲೂ 156. ಏಕೆಂದರೆ ಅದರಲ್ಲಿ ಊಹೆಯೇ ಇಲ್ಲ. ಅಳೆದದ್ದು ಯಾವುದು, ಊಹಿಸಿದ್ದು ಯಾವುದು ಎಂದು ಬೇರ್ಪಡಿಸುವುದೇ ವಿಜ್ಞಾನದ ಮೊದಲ ಪಾಠವಲ್ಲವೇ?

ವಿದ್ಯಾರ್ಥಿಗಳೇ, ಮನೆಯ ಹಿರಿಯರ ವರದಿ ಸಿಕ್ಕರೆ ಆ ಒಂದು ಕಳೆಯುವ ಲೆಕ್ಕ ಮಾಡಿ, ಉತ್ತರವನ್ನು ಹಾಳೆಯ ಅಂಚಿನಲ್ಲಿ ಬರೆದುಕೊಡಿ. ಮಾತ್ರೆ ನಿಲ್ಲಿಸುವುದು, ಹೆಚ್ಚಿಸುವುದು ನಿಮ್ಮ ಕೆಲಸವಲ್ಲ, ಅದು ವೈದ್ಯರದು. ಆದರೆ ಮುಂದಿನ ಭೇಟಿಯಲ್ಲಿ ಅಜ್ಜನೋ ಅಮ್ಮನೋ ಆ ಅಂಕಿಯನ್ನು ತೋರಿಸಿ ‘ಡಾಕ್ಟ್ರೇ, ಇದು ನನಗೆ ಎಷ್ಟಿರಬೇಕು?’ ಎಂದು ಕೇಳಿದರೆ ಮಾತು ದಪ್ಪ ಅಕ್ಷರದ ಟ್ರೈಗ್ಲಿಸರೈಡಿನಿಂದ ನಿಜವಾದ ಅಪಾಯದ ಕಡೆಗೆ ತಿರುಗುತ್ತದೆ.